ಬಾಗಿಲಲ್ಲಿ ಕೇಳುವ ಹೆಸರು: ಗಣಕದ ಪ್ರವೇಶಪರದೆಯನ್ನು ಕುರಿತು ಒಂದು ವಿಮರ್ಶೆ

೧

ಇತಿಹಾಸದ ಅಧ್ಯಾಪಕನು ಗಣಕಯಂತ್ರದ ವಿಷಯವನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಇಂದು ನಮ್ಮ ವಿದ್ಯಾರ್ಥಿಗಳು ಶಾಸನದ ಪಾಠವನ್ನು ಬರೆದಿಡುವುದು ಗಣಕದಲ್ಲಿ. ಕಲ್ಲಿನ ಛಾಯಾಚಿತ್ರಗಳನ್ನು ಕೂಡಿಡುವುದು ಗಣಕದಲ್ಲಿ. ಪ್ರಬಂಧವನ್ನು ತಿದ್ದಿ ಒಪ್ಪಿಸುವುದೂ ಅದರಲ್ಲಿಯೇ. ಹೀಗಿರುವಲ್ಲಿ ಈ ಬರಹಗಳು ಯಾರ ಹೆಸರಿನಲ್ಲಿ, ಯಾವ ವ್ಯವಸ್ಥೆಯಲ್ಲಿ ಉಳಿಯುತ್ತವೆ ಎಂಬುದು ಕೇವಲ ಯಂತ್ರಜ್ಞನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆಕರಗಳ ಪ್ರಾಮಾಣ್ಯವನ್ನು ಚಿಂತಿಸುವವರೆಲ್ಲರೂ ಅದನ್ನು ಕೇಳಿಕೊಳ್ಳಬೇಕಾಗಿದೆ.

ಪ್ರಕೃತ ಲೇಖನದಲ್ಲಿ ಆ ವ್ಯವಸ್ಥೆಯ ಒಂದು ಅಂಗವನ್ನು ಮಾತ್ರ ಪರಿಶೀಲಿಸಲಾಗಿದೆ. ಗಣಕವು ಎಚ್ಚೆತ್ತ ಮೇಲೆ, ನಮ್ಮ ಕೆಲಸ ಪ್ರಾರಂಭವಾಗುವುದಕ್ಕೆ ಮೊದಲು, ಒಂದು ಪರದೆ ಮೂಡಿ ಹೆಸರನ್ನೂ ಗುಪ್ತಪದವನ್ನೂ ಕೇಳುತ್ತದೆ. ಆ ಪರದೆಯನ್ನು ನಡೆಸುವ ತಂತ್ರಾಂಶಕ್ಕೆ ಲಾಗಿನ್ ಮ್ಯಾನೇಜರ್ ಎಂದೂ ಡಿಸ್‌ಪ್ಲೇ ಮ್ಯಾನೇಜರ್ ಎಂದೂ ಹೆಸರುಂಟು. ಇದನ್ನು ಹೇಗೆ ಅಣಿಗೊಳಿಸಬೇಕೆಂಬುದನ್ನು ವಿವರಿಸುವ ಕೈಪಿಡಿಗಳು ಸಾಕಷ್ಟಿವೆ. ಹಾಗೆ ಅಣಿಗೊಳಿಸಿದುದರ ಪರಿಣಾಮವೇನು ಎಂಬ ವಿಮರ್ಶೆ ವಿರಳ. ಬಾಗಿಲನ್ನು ಅಣಿಗೊಳಿಸುವ ರೀತಿಯು ಒಳಗೆ ನಡೆಯುವ ಕೆಲಸಕ್ಕೆ ಕರ್ತೃ ಉಳಿಯುವನೇ ಅಳಿಯುವನೇ ಎಂಬುದನ್ನು ನಿರ್ಣಯಿಸುತ್ತದೆ; ಬಾಗಿಲು ನಮ್ಮ ಲಿಪಿಯನ್ನು ಅರಿಯದಿದ್ದರೆ ಆ ನಿರ್ಣಯ ಕರ್ತೃವಿಗೆ ವಿರುದ್ಧವಾಗಿಯೇ ಆಗುವ ಸಂಭವ ಹೆಚ್ಚು. ಇಷ್ಟನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಈ ವಿಚಾರಕ್ಕೆ ನನ್ನನ್ನು ಎಳೆದ ಪ್ರಸಂಗವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಅರಸೀಕೆರೆಯ ಕಡೆಯ ಒಂದು ಕಾಲೇಜಿನಲ್ಲಿ ಇದು ನಡೆಯಿತು. ಸಂಸ್ಥೆಯ ಹೆಸರು ಇಲ್ಲಿ ಅನಗತ್ಯ. ಇಂಥದು ಎಲ್ಲಿಯಾದರೂ ನಡೆಯಬಹುದಾದುದೇ.

ಕೆಲವು ವಿದ್ಯಾರ್ಥಿಗಳು ಹಾಸನ ಜಿಲ್ಲೆಯ ಶಾಸನಗಳ ಪಾಠಗಳನ್ನು ಕಲ್ಲಿನೊಡನೆ ಹೋಲಿಸುವ ಕೆಲಸದಲ್ಲಿ ತೊಡಗಿದ್ದರು. ಬಿ. ಎಲ್. ರೈಸರು ೧೯೦೨ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ ಈ ಜಿಲ್ಲೆಗೆ ಮೀಸಲಾದುದು. ಅದರ ಮುದ್ರಿತ ಪಾಠವನ್ನು ಮುಂದಿಟ್ಟುಕೊಂಡು, ಊರಿಗೆ ಹೋಗಿ, ಕಲ್ಲನ್ನು ಕಣ್ಣಾರೆ ನೋಡಿ, ವ್ಯತ್ಯಾಸವಿದ್ದಲ್ಲಿ ಗುರುತು ಹಾಕುವುದು ಅವರ ಕಾರ್ಯ. ಮರಳಿ ಬಂದು ಕಾಲೇಜಿನ ಗಣಕಗಳಲ್ಲಿ ಆ ಪಾಠಗಳನ್ನು ಕನ್ನಡದಲ್ಲಿ ಬರೆದಿಡುತ್ತಿದ್ದರು. ಒಬ್ಬ ವಿದ್ಯಾರ್ಥಿನಿ ಒಂದು ವೀರಗಲ್ಲಿನ ಬಳಿ ಸಂಜೆಯ ಓರೆಬೆಳಕಿನಲ್ಲಿ ಬಹಳ ಹೊತ್ತು ಕುಳಿತು, ಊರಿನ ಹೆಸರಿನ ಒಂದು ಅಕ್ಷರವನ್ನು ಅಚ್ಚಿನಲ್ಲಿದ್ದುದಕ್ಕಿಂತ ಬೇರೆಯಾಗಿ ಓದಿಕೊಂಡು ಬಂದು ತಿದ್ದಿದಳು. ಒಂದು ವಾರದ ಮೇಲೆ ಕಡತವನ್ನು ತೆರೆದಾಗ ಅಕ್ಷರ ಮತ್ತೆ ಅಚ್ಚಿನ ರೂಪಕ್ಕೇ ತಿರುಗಿತ್ತು. “ಸರ್, ನಾನು ಬರೆದದ್ದು ಇದಲ್ಲ” ಎಂದು ಆಕೆ ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕಕ್ಕೂ ಕಡತಕ್ಕೂ ಹೊಂದದಿರುವುದನ್ನು ಕಂಡು ಯಾರೋ ಸದುದ್ದೇಶದಿಂದಲೇ ‘ಸರಿಪಡಿಸಿ’ದ್ದರು.

ಯಾರು? ಗಣಕವನ್ನು ಕೇಳಿದರೆ ಅದು ಒಂದೇ ಹೆಸರನ್ನು ಹೇಳಿತು. ಆ ಕೊಠಡಿಯ ಯಂತ್ರಗಳೆಲ್ಲವೂ ಹೆಸರು ಕೇಳದೆಯೇ, ಎಲ್ಲರಿಗೂ ಸಾಮಾನ್ಯವಾದ ಒಂದು ಖಾತೆಯಲ್ಲಿ ತಾವಾಗಿ ತೆರೆದುಕೊಳ್ಳುವಂತೆ ಅಣಿಯಾಗಿದ್ದುವು. ಕಡತದ ಒಡೆತನ ಆ ಸಾಮಾನ್ಯ ಖಾತೆಗೇ ಸೇರಿತ್ತು. ಲಿಬ್ರೆ ಆಫೀಸಿನಲ್ಲಿ ತಿದ್ದುಪಡಿಗಳನ್ನು ದಾಖಲಿಸುವ ಸೌಕರ್ಯವುಂಟು. ಆದರೆ ತಿದ್ದಿದವರ ಹೆಸರನ್ನು ಅದು ಬಳಕೆದಾರನ ಖಾತೆಯಲ್ಲಿರುವ ವಿವರದಿಂದಲೇ ತೆಗೆದುಕೊಳ್ಳುವುದರಿಂದ ಅಲ್ಲಿಯೂ ಎಲ್ಲರೂ ಒಬ್ಬರೇ ಆಗಿದ್ದರು. ತಿದ್ದಿದ ದಿನ ಮತ್ತು ವೇಳೆ ಉಳಿದಿದ್ದುವು, ಕೈ ಮಾತ್ರ ಉಳಿದಿರಲಿಲ್ಲ.

ನಷ್ಟ ಒಂದು ಅಕ್ಷರಕ್ಕೆ ಸೀಮಿತವಾಗಿದ್ದರೆ ಇದನ್ನು ಬರೆಯುವ ಪ್ರಮೇಯವಿರಲಿಲ್ಲ. ಒಂದು ಪಾಠ ಸಂದೇಹಕ್ಕೆ ಒಳಗಾದೊಡನೆ ಆ ಸಮೂಹದ ಎಲ್ಲ ಪಾಠಗಳೂ ಸಂದೇಹಾಸ್ಪದವಾದುವು. ಕಲ್ಲನ್ನು ನೋಡಿ ತಿದ್ದಿದುದು ಯಾವುದು, ಪುಸ್ತಕವನ್ನು ನೋಡಿ ತಿದ್ದಿದುದು ಯಾವುದು ಎಂದು ವಿಂಗಡಿಸಲು ಆಧಾರವಿಲ್ಲದೆ ಹೋಯಿತು. ಕೊನೆಗೆ ಮತ್ತೆ ಕಲ್ಲುಗಳ ಬಳಿಗೆ ಹೋಗಬೇಕಾಯಿತು. ಅಷ್ಟರಲ್ಲಿ ವರ್ಷ ಮುಗಿದು, ಆ ವಿದ್ಯಾರ್ಥಿನಿಯ ಓದು ಅವಳ ಹೆಸರಿನಲ್ಲಿ ವರದಿಗೆ ಸೇರುವ ಅವಕಾಶ ತಪ್ಪಿತು. ಶಾಸನಶಾಸ್ತ್ರದಲ್ಲಿ ಪಾಠಭೇದವು ಅದನ್ನು ಓದಿದವನ ಹೆಸರಿನೊಡನೆ ಮಾತ್ರ ಬೆಲೆ ಪಡೆಯುತ್ತದೆಂಬುದನ್ನು ಬಲ್ಲವರಿಗೆ ಈ ನಷ್ಟದ ತೂಕವನ್ನು ವಿವರಿಸಬೇಕಾಗಿಲ್ಲ.

ಗಣಕಗಳ ಮೇಲ್ವಿಚಾರಕರನ್ನು ದೂರುವುದು ಸುಲಭವಾಗಿತ್ತು. ಆದರೆ ಅವರು ಹೇಳಿದ ಕಾರಣವನ್ನು ಕೇಳಿದ ಮೇಲೆ ದೂರುವಂತಿರಲಿಲ್ಲ. ಮೊದಲು ಪ್ರತಿಯೊಬ್ಬರಿಗೂ ಖಾತೆಯಿತ್ತು. ಕನ್ನಡದ ಕೀಲಿಮಣೆ ವಿನ್ಯಾಸವನ್ನು ಸೇರಿಸಿದ ದಿನದಿಂದ ವಿದ್ಯಾರ್ಥಿಗಳು ಬಾಗಿಲಲ್ಲಿಯೇ ನಿಲ್ಲತೊಡಗಿದರು. ಗುಪ್ತಪದ ಸರಿಯಾಗಿದ್ದರೂ ಯಂತ್ರ ಒಪ್ಪುತ್ತಿರಲಿಲ್ಲ. ಒಂದು ಗಂಟೆಯ ತರಗತಿಯಲ್ಲಿ ಹೆಚ್ಚಿನ ಹೊತ್ತು ಬಾಗಿಲಲ್ಲಿಯೇ ಕಳೆಯುತ್ತಿತ್ತು. ಆದುದರಿಂದ ಅವರು ವಿನ್ಯಾಸ-ಕಡತದಲ್ಲಿ ಎರಡು ಸಾಲು ಬರೆದು ಬಾಗಿಲನ್ನೇ ತೆರೆದಿಟ್ಟರು. ಕನ್ನಡವನ್ನು ಒಳಗೆ ತಂದ ಪ್ರಯತ್ನವೇ ಕನ್ನಡದಲ್ಲಿ ಬರೆದವರ ಹೆಸರನ್ನು ಅಳಿಸಿತು. ಈ ವಿಪರ್ಯಾಸ ಹೇಗೆ ಸಂಭವಿಸಿತೆಂಬುದನ್ನು ತಿಳಿಯಬೇಕಾದರೆ ಆ ಬಾಗಿಲಿನ ಸ್ವರೂಪವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

೩

ಗಣಕದಲ್ಲಿ ಚಿತ್ರರೂಪದ ಈ ಬಾಗಿಲು ಮೊದಲಿನಿಂದಲೂ ಇದ್ದುದಲ್ಲ. ಯುನಿಕ್ಸ್ ವ್ಯವಸ್ಥೆಯಲ್ಲಿ ಬಳಕೆದಾರನು ಪಠ್ಯಪರದೆಯಲ್ಲಿ ಹೆಸರು ಬರೆದು ಒಳಹೊಕ್ಕು, ಬೇಕಾದರೆ ಆಮೇಲೆ ಚಿತ್ರಪರದೆಯನ್ನು ತಾನೇ ಕರೆಯುತ್ತಿದ್ದನು. ೧೯೮೪ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಎಕ್ಸ್ ವಿಂಡೋ ವ್ಯವಸ್ಥೆ ಹುಟ್ಟಿತು. ೧೯೮೮ರಲ್ಲಿ ಅದರ ಹನ್ನೊಂದನೆಯ ಆವೃತ್ತಿಯ ಮೂರನೆಯ ಬಿಡುಗಡೆಯೊಡನೆ ಕೀತ್ ಪ್ಯಾಕರ್ಡರು ರಚಿಸಿದ ಎಕ್ಸ್‌ಡಿಎಂ ಬಂದಿತು. ಚಿತ್ರಪರದೆಯಲ್ಲಿಯೇ ಹೆಸರು ಕೇಳುವ ಕ್ರಮ ಅಲ್ಲಿಂದ ನೆಲೆಗೊಂಡಿತು. ಬಳಿಕ ಕೆಡಿಇ ಮತ್ತು ಗ್ನೋಮ್ ಯೋಜನೆಗಳು ತಮ್ಮ ತಮ್ಮ ಬಾಗಿಲುಗಳನ್ನು, ಎಂದರೆ ಕೆಡಿಎಂ ಮತ್ತು ಜಿಡಿಎಂಗಳನ್ನು, ಕಟ್ಟಿಕೊಂಡುವು. ೨೦೧೦ರಲ್ಲಿ ರಾಬರ್ಟ್ ಆನ್ಸೆಲ್ಲರ ಲೈಟ್‌ಡಿಎಂ ಪ್ರಕಟವಾಯಿತು. ಉಬುಂಟು ೨೦೧೧ರಲ್ಲಿ ಅದನ್ನು ಸ್ವೀಕರಿಸಿ ೨೦೧೭ರಲ್ಲಿ ಮತ್ತೆ ಜಿಡಿಎಂಗೆ ಮರಳಿತು. ೨೦೧೪ರ ಪ್ಲಾಸ್ಮಾ ೫ರೊಡನೆ ಕೆಡಿಎಂ ಹಿಂದೆ ಸರಿದು ಎಸ್‌ಡಿಡಿಎಂ ಆ ಸ್ಥಾನಕ್ಕೆ ಬಂದಿತು.

ಈ ಬದಲಾವಣೆಗಳ ಸರಣಿಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬಾಗಿಲು ಬದಲಾದರೂ ಒಳಗಿನ ಮನೆ ಬದಲಾಗಲಿಲ್ಲ. ಲಾಗಿನ್ ಮ್ಯಾನೇಜರನ್ನು ತೆಗೆದು ಇನ್ನೊಂದನ್ನು ಇಟ್ಟರೆ ಬಳಕೆದಾರನ ಕಡತಗಳಿಗಾಗಲಿ ಖಾತೆಗಾಗಲಿ ಚ್ಯುತಿಯಿಲ್ಲ. ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿದಾಗ ಅದರ ನವರಂಗ ತೆರೆದ ಮಂಟಪವಾಗಿತ್ತು. ಈಗ ಕಾಣುವ ಜಾಲಂಧ್ರಗಳೂ ಬಾಗಿಲುಗಳೂ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿದುವು. ಹೊರಗಿನ ಮಹಾದ್ವಾರದ ಗೋಪುರವಂತೂ ಹೊಯ್ಸಳರದೇ ಅಲ್ಲ. ಹಳೆಯ ಗೋಪುರ ದಾಳಿಯಲ್ಲಿ ಸುಟ್ಟುಹೋದ ಮೇಲೆ, ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡನು ೧೩೯೭ರಲ್ಲಿ ಅದನ್ನು ಪುನಃ ಕಟ್ಟಿಸಿದನು. ಗುಡಿ ಒಂದು ಕಾಲದ್ದು, ಜಾಲಂಧ್ರ ಇನ್ನೊಂದು ಕಾಲದ್ದು, ಗೋಪುರ ಮತ್ತೊಂದು ಕಾಲದ್ದು. ಬಾಗಿಲು ಕಟ್ಟಡದ ವಿಧಿಯಲ್ಲ. ಅದು ಆಯಾ ಕಾಲದವರು ತೆಗೆದುಕೊಂಡ ತೀರ್ಮಾನ. ತೀರ್ಮಾನವಾದುದರಿಂದಲೇ ಅದು ವಿಮರ್ಶೆಗೂ ತಿದ್ದುಪಡಿಗೂ ಅರ್ಹವಾಗಿದೆ.

ಇನ್ನೊಂದು ಮಾತನ್ನೂ ಇಲ್ಲಿ ಸ್ಪಷ್ಟಪಡಿಸಬೇಕು. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಪೂರ್ವಕ್ಕೆ ಎರಡು, ಉತ್ತರ ದಕ್ಷಿಣಗಳಿಗೆ ಒಂದೊಂದು ದ್ವಾರಗಳಿದ್ದು ಇಕ್ಕೆಲಗಳಲ್ಲಿ ದ್ವಾರಪಾಲಕರು ನಿಂತಿದ್ದಾರೆ. ದ್ವಾರಪಾಲಕನು ಒಳಗಿರುವ ದೇವರಲ್ಲ. ಅವನು ಅಪ್ಪಣೆಯನ್ನು ನಡೆಸುವವನು. ಲಾಗಿನ್ ಮ್ಯಾನೇಜರಿನ ಸ್ಥಿತಿಯೂ ಇದೇ. ಗುಪ್ತಪದ ಸರಿಯೇ ತಪ್ಪೇ ಎಂದು ಅದು ತಾನಾಗಿ ನಿರ್ಣಯಿಸುವುದಿಲ್ಲ. ಲಿನಕ್ಸ್‌ನಲ್ಲಿ ಪ್ಯಾಮ್ ಎಂಬ ಬೇರೊಂದು ವ್ಯವಸ್ಥೆಗೆ ಅದನ್ನು ಒಪ್ಪಿಸಿ, ಅಲ್ಲಿಂದ ಬಂದ ಉತ್ತರದಂತೆ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚಿಡುತ್ತದೆ. ಲೈಟ್‌ಡಿಎಂನಲ್ಲಿ ಈ ಕೆಲಸವನ್ನು ಮತ್ತೂ ಒಡೆದು, ಪರದೆಯ ಮೇಲೆ ಕಾಣಿಸಿಕೊಂಡು ಮಾತನಾಡುವ ಭಾಗವನ್ನು ಬೇರೆ ಮಾಡಿ ಗ್ರೀಟರ್, ಎಂದರೆ ಸ್ವಾಗತಿಸುವವನು, ಎಂದು ಕರೆದಿದ್ದಾರೆ. ಸ್ವಾಗತದ ಮಾತು ಯಾವ ಭಾಷೆಯಲ್ಲಿರಬೇಕು, ಯಾರ ಹೆಸರು ಕಾಣಬೇಕು, ಯಾವ ಕೀಲಿಮಣೆ ಸಿದ್ಧವಿರಬೇಕು ಎಂಬಿವೆಲ್ಲ ಯಂತ್ರದ ಒಡೆಯನು ವಿಧಿಸತಕ್ಕವು. ಒಡೆಯನು ಏನನ್ನೂ ವಿಧಿಸದಿದ್ದರೆ ತಯಾರಕರು ಊಹಿಸಿಕೊಂಡ ಬಳಕೆದಾರನಿಗೆ ಒಪ್ಪುವಂತೆ ಬಾಗಿಲು ನಿಲ್ಲುತ್ತದೆ.

೪

ಆ ಊಹೆಯ ಬಳಕೆದಾರನು ಯಾರು? ಜಿಡಿಎಂನ ಪರದೆಯನ್ನು ಒಂದು ಪಠ್ಯದಂತೆ ಓದಿದರೆ ಇದು ತಿಳಿಯುತ್ತದೆ.

ಮೊದಲನೆಯದು ಲಿಪಿಯ ವಿಷಯ. ಕನ್ನಡಕ್ಕೆ ಯೂನಿಕೋಡಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ೧೨೮ ಸ್ಥಾನಗಳ ನೆಲೆ ದೊರಕಿದೆ. ಲಿನಕ್ಸ್‌ನ ಕೀಲಿಮಣೆ ಸಂಗ್ರಹದಲ್ಲಿ ಇನ್‌ಸ್ಕ್ರಿಪ್ಟ್ ಮಾದರಿಯ ಕನ್ನಡ ವಿನ್ಯಾಸವೂ ಕಗಪ ಎಂಬ ಧ್ವನ್ಯಾತ್ಮಕ ವಿನ್ಯಾಸವೂ ಸೇರಿವೆ. ಗ್ನೋಮ್‌ನ ಸಂದೇಶಗಳಿಗೆ ಕನ್ನಡ ಅನುವಾದವಿದೆ. ಅಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಲೋಹಿತ್ ಕನ್ನಡ, ನೋಟೋ ಕನ್ನಡಗಳಂತಹ ಮುಕ್ತ ಅಕ್ಷರವಿನ್ಯಾಸಗಳೂ ಇವೆ. ಆದುದರಿಂದ ಸಾಮಗ್ರಿ ಇಲ್ಲವೆಂಬ ಮಾತು ನಿಲ್ಲದು. ಆದರೆ ಈ ಸಾಮಗ್ರಿಯೆಲ್ಲ ಸಾಮಾನ್ಯವಾಗಿ ಬಾಗಿಲಿನ ಒಳಗಡೆ ಕೆಲಸ ಮಾಡುತ್ತದೆ. ಬಳಕೆದಾರನು ಕನ್ನಡವನ್ನು ಆರಿಸಿಕೊಂಡರೆ ಆ ಆಯ್ಕೆ ಅವನ ಖಾತೆಗೆ ಸೇರುತ್ತದೆ. ಅವನು ಯಾರೆಂದು ತಿಳಿಯುವ ಮುನ್ನ ಮಾತನಾಡುವ ಬಾಗಿಲಿಗೆ ಅದು ತಲುಪುವುದಿಲ್ಲ. ಬಾಗಿಲಿನ ಭಾಷೆಯನ್ನು ನಿರ್ಣಯಿಸುವುದು ಇಡೀ ಯಂತ್ರಕ್ಕೆ ಗೊತ್ತುಪಡಿಸಿದ ಭಾಷೆ. ಹಳೆಯ ಜಿಡಿಎಂನಲ್ಲಿ ಬಾಗಿಲಿನಲ್ಲಿಯೇ ಭಾಷೆಯನ್ನು ಆರಿಸುವ ಪಟ್ಟಿಯಿತ್ತು. ೨೦೧೧ರ ಗ್ನೋಮ್ ೩ರ ಹೊಸ ರಚನೆಯಲ್ಲಿ ಅದನ್ನು ಕೈಬಿಡಲಾಯಿತು. ಪರದೆ ಸರಳವಾಯಿತೆಂಬುದು ನಿಜ. ಆದರೆ ಒಂದು ಯಂತ್ರವನ್ನು ಹಲವು ಭಾಷೆಗಳವರು ಹಂಚಿಕೊಳ್ಳುವ ದೇಶಕ್ಕೆ ಆ ಸರಳತೆ ಲಾಭವೆನ್ನಲಾಗದು.

ಎರಡನೆಯದು ಗುಪ್ತಪದದ ವಿಷಯ. ನಮ್ಮ ಪ್ರಸಂಗದ ಗಂಟು ಇಲ್ಲಿಯೇ ಇದೆ. ಗುಪ್ತಪದವನ್ನು ಬರೆಯುವಾಗ ಅಕ್ಷರಗಳ ಬದಲು ಬಿಂದುಗಳು ಕಾಣುತ್ತವೆ. ಪಕ್ಕದವರು ನೋಡದಿರಲಿ ಎಂಬುದು ಅದರ ಉದ್ದೇಶ. ಒಂದೇ ಲಿಪಿಯ ಸಮಾಜದಲ್ಲಿ ಅದು ನಿರಪಾಯವೂ ಹೌದು. ಎರಡು ಲಿಪಿಗಳಿರುವಲ್ಲಿ ಆ ಬಿಂದು ಬರೆಯುವವನಿಂದಲೇ ಅವನ ಲಿಪಿಯನ್ನು ಬಚ್ಚಿಡುತ್ತದೆ. ಗುಪ್ತಪದವನ್ನು ಗೊತ್ತುಮಾಡಿದುದು ರೋಮನ್ ಅಕ್ಷರಗಳಲ್ಲಿ. ಬಾಗಿಲಿನಲ್ಲಿ ಸಿದ್ಧವಿರುವುದು ಕನ್ನಡ ವಿನ್ಯಾಸ. ಬೆರಳುಗಳು ಸರಿಯಾದ ಕೀಲಿಗಳನ್ನೇ ಒತ್ತಿದರೂ ಯಂತ್ರಕ್ಕೆ ತಲುಪುವುದು ಕನ್ನಡದ ಸಂಕೇತಗಳು. ಬಿಂದುಗಳು ಮಾತ್ರ ಎರಡರಲ್ಲಿಯೂ ಒಂದೇ. ಅಕ್ಷರವನ್ನು ಎಣಿಸಿ ತಿಳಿಯುವ ಉಪಾಯವೂ ಕನ್ನಡದಲ್ಲಿ ನಡೆಯುವುದಿಲ್ಲ. ‘ಕ್ಷ’ ಎಂಬುದು ನಮಗೆ ಒಂದು ಅಕ್ಷರ, ಯೂನಿಕೋಡಿಗೆ ಅದು ಕಕಾರ, ವಿರಾಮ, ಷಕಾರ ಎಂಬ ಮೂರು ಸಂಕೇತಗಳು. ವಿನ್ಯಾಸಗಳು ಒಂದಕ್ಕಿಂತ ಹೆಚ್ಚಾಗಿದ್ದರೆ ಪರದೆಯ ಮೇಲುಗಡೆ ಮೂಲೆಯಲ್ಲಿ ಎರಡಕ್ಷರದ ಒಂದು ಸಣ್ಣ ಗುರುತು ಕಾಣುತ್ತದೆ. ಅದರ ಅರ್ಥವನ್ನು ಮೊದಲೇ ಬಲ್ಲವನಿಗೆ ಮಾತ್ರ ಅದು ನೆರವಾದೀತು.

ಈ ಸಂದರ್ಭದಲ್ಲಿ ಬಾಗಿಲು ನೀಡುವ ಎಚ್ಚರಿಕೆಗಳನ್ನು ಹೋಲಿಸಿ ನೋಡುವುದು ಬೋಧಪ್ರದವಾಗಿದೆ. ಕ್ಯಾಪ್ಸ್ ಲಾಕ್ ಎಂಬ ಕೀಲಿ ಒತ್ತಿಹೋಗಿದ್ದರೆ ಗ್ನೋಮ್‌ನ ಪರದೆ ಗುಪ್ತಪದದ ಬಳಿಯಲ್ಲಿಯೇ ಅದನ್ನು ಸ್ಪಷ್ಟವಾಗಿ ತಿಳಿಸುತ್ತದೆ. ದೊಡ್ಡಕ್ಷರ ಸಣ್ಣಕ್ಷರಗಳ ಭೇದ ರೋಮನ್ ಲಿಪಿಗೆ ಸೇರಿದುದು. ಕನ್ನಡಕ್ಕೆ ಆ ಭೇದವೇ ಇಲ್ಲ. ರೋಮನ್ ಲಿಪಿಯವನು ಮಾಡಬಹುದಾದ ತಪ್ಪಿಗೆ ಮಾತಿನಲ್ಲಿ ಎಚ್ಚರಿಕೆಯುಂಟು. ಎರಡು ಲಿಪಿಗಳವನು ಮಾಡಬಹುದಾದ ತಪ್ಪಿಗೆ ಮೂಲೆಯ ಗುರುತು ಮಾತ್ರ ಉಂಟು. ತಯಾರಕರ ದುರುದ್ದೇಶ ಇದರಲ್ಲಿದೆಯೆಂದು ನಾನು ಹೇಳುವುದಿಲ್ಲ. ಅವರ ಕಣ್ಣ ಮುಂದೆ ಇದ್ದ ಬಳಕೆದಾರನು ಯಾರೆಂಬುದು ಮಾತ್ರ ಇದರಿಂದ ನಿಚ್ಚಳವಾಗುತ್ತದೆ. ಗುಪ್ತಪದ ತಪ್ಪಾದಾಗ, ಅದು ಫಲಿಸಲಿಲ್ಲ, ಮತ್ತೆ ಪ್ರಯತ್ನಿಸಿರಿ ಎಂಬಷ್ಟೇ ಅರ್ಥದ ಉತ್ತರ ಬರುತ್ತದೆ. ಹೆಸರು ತಪ್ಪೋ ಪದ ತಪ್ಪೋ ಎಂದು ಬಿಡಿಸಿ ಹೇಳಿದರೆ ಕಳ್ಳನಿಗೆ ಅನುಕೂಲವಾಗುವುದರಿಂದ ಈ ಮೌನಕ್ಕೆ ಸಮರ್ಥನೆಯಿದೆ. ಆದರೆ ಕಾರಣ ತಿಳಿಯದೆ ಮೂರು ನಾಲ್ಕು ಸಲ ಸೋತ ವಿದ್ಯಾರ್ಥಿ ತನ್ನ ನೆನಪೇ ಕೆಟ್ಟಿತೆಂದು ಭಾವಿಸುತ್ತಾನೆ.

ಮೂರನೆಯದು ಹೆಸರುಗಳ ಪಟ್ಟಿ. ಪ್ರತಿ ಖಾತೆಗೂ ಎರಡು ಹೆಸರುಗಳುಂಟು: ಯಂತ್ರದ ವ್ಯವಹಾರಕ್ಕೆ ಬೇಕಾದ ಲಾಗಿನ್ ಹೆಸರು ಒಂದು, ಮನುಷ್ಯರಿಗೆ ತೋರಿಸುವ ಪೂರ್ಣ ಹೆಸರು ಇನ್ನೊಂದು. ಮೊದಲನೆಯದು ರೋಮನ್ ಸಣ್ಣಕ್ಷರಗಳಲ್ಲಿರಬೇಕೆಂಬುದು ಡೆಬಿಯನ್, ಉಬುಂಟುಗಳ ಸಾಮಾನ್ಯ ನಿಯಮ. ಎರಡನೆಯದು ಕನ್ನಡದಲ್ಲಿರಬಹುದು, ಬಾಗಿಲಿನ ಪಟ್ಟಿಯಲ್ಲಿ ಕಾಣುವುದೂ ಅದೇ. ವಿದ್ಯಾರ್ಥಿಯು ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಕಂಡು ಅದನ್ನು ಒತ್ತಿ ಒಳಹೋಗುವ ಸೌಲಭ್ಯ ಹೀಗೆ ದೊರೆಯುತ್ತದೆ. ಆದರೆ ಸಾರ್ವಜನಿಕ ಸ್ಥಳಗಳಲ್ಲಿ ಪಟ್ಟಿಯನ್ನು ಮರೆಮಾಡಬೇಕೆಂದು ಸುರಕ್ಷತೆಯ ಕೈಪಿಡಿಗಳು ಉಪದೇಶಿಸುತ್ತವೆ. ಮರೆಮಾಡಿದರೆ ಲಾಗಿನ್ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದು ಅನಿವಾರ್ಯವಾಗುತ್ತದೆ. ಸುರಕ್ಷತೆಗೂ ಭಾಷೆಗೂ ಇಲ್ಲಿ ನಿಜವಾದ ತಾಕಲಾಟವಿದೆ. ಒಂದನ್ನು ಆರಿಸಿದಾಗ ಇನ್ನೊಂದಕ್ಕೆ ಎಷ್ಟು ಬೆಲೆ ತೆತ್ತೆವೆಂಬುದನ್ನು ಅರಿತು ಆರಿಸಬೇಕು. ಪಟ್ಟಿಯ ಕೆಳಗೆ “ನಾಟ್ ಲಿಸ್ಟೆಡ್?” ಎಂಬ ಇಂಗ್ಲಿಷ್ ಪ್ರಶ್ನೆಯಿರುತ್ತದೆ. ಕಾಲೇಜಿನ ಕೇಂದ್ರ ದಾಖಲೆಯಿಂದ ಖಾತೆ ಪಡೆದ ಹೊಸ ವಿದ್ಯಾರ್ಥಿಯ ಹೆಸರು ಆ ಯಂತ್ರದಲ್ಲಿ ಮೊದಲ ಸಲ ಒಳಹೊಗುವವರೆಗೆ ಪಟ್ಟಿಗೆ ಬರುವುದಿಲ್ಲ. ಅವನಿಗೆ ತೆರೆದಿರುವ ದಾರಿ ಆ ಪ್ರಶ್ನೆಯೊಂದೇ. ಅದು ತನಗಾಗಿಯೇ ಇದೆಯೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

೫

ಇಷ್ಟು ದೋಷಗಳನ್ನು ಎಣಿಸಿದ ಮೇಲೆ ಇವುಗಳಲ್ಲಿ ತಯಾರಕರ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ವಿಂಗಡಿಸುವುದು ವಿಮರ್ಶಕನ ಕರ್ತವ್ಯ. ಲಿಪಿಯ ಬಗೆಗಿನ ಎಚ್ಚರಿಕೆ ದುರ್ಬಲವಾಗಿರುವುದು, ಭಾಷೆಯ ಆಯ್ಕೆಯನ್ನು ಬಾಗಿಲಿನಿಂದ ತೆಗೆದುದು, ಇವು ತಯಾರಕರ ಪಾಲಿಗೆ ಸೇರತಕ್ಕವು. ಉಳಿದುವು ಬಹುಮಟ್ಟಿಗೆ ನಮ್ಮವು. ಮುಕ್ತ ತಂತ್ರಾಂಶದಲ್ಲಿ ಬಾಗಿಲಿನ ಕಟ್ಟಳೆಗಳೆಲ್ಲ ಸಾದಾ ಪಠ್ಯದ ಕಡತಗಳಲ್ಲಿರುತ್ತವೆ. ಅವನ್ನು ತಿದ್ದುವ ಅಧಿಕಾರ ಯಂತ್ರದ ಒಡೆಯನಿಗಿದೆ.

ನಮ್ಮ ಪ್ರಸಂಗದಲ್ಲಿ ಬಾಗಿಲನ್ನು ತೆರೆದಿಟ್ಟ ಎರಡು ಸಾಲುಗಳನ್ನೇ ನೋಡೋಣ. ಜಿಡಿಎಂನ ವಿನ್ಯಾಸ-ಕಡತದಲ್ಲಿ ಸ್ವಯಂಪ್ರವೇಶ ಇರಲಿ ಎಂದು ಒಂದು ಸಾಲು, ಯಾವ ಖಾತೆಯಲ್ಲಿ ಎಂದು ಇನ್ನೊಂದು ಸಾಲು. ಒಬ್ಬನೇ ಬಳಸುವ ಮನೆಯ ಯಂತ್ರಕ್ಕೆ ಇದರಿಂದ ಹಾನಿ ಕಡಮೆ. ಅಲ್ಲಿ ಹೆಸರು ಕೇಳದಿದ್ದರೂ ಹೆಸರು ಗೊತ್ತಿರುತ್ತದೆ. ಹಲವರು ಬಳಸುವ ಯಂತ್ರದಲ್ಲಿ ಅದೇ ಸಾಲುಗಳು ಹಲವರನ್ನು ಒಬ್ಬನನ್ನಾಗಿ ಮಾಡುತ್ತವೆ. ಕೈಪಿಡಿಗಳು ಇದರ ಅಪಾಯವನ್ನು ಕಳ್ಳತನದ ದೃಷ್ಟಿಯಿಂದ ಹೇಳುತ್ತವೆ. ನಮ್ಮ ವಿದ್ಯಾರ್ಥಿಗಳ ಕಡತಗಳನ್ನು ಕದಿಯಲು ಯಾರೂ ಬರಲಿಲ್ಲ. ಹೊರಗಿನಿಂದ ಕಳ್ಳ ಬರದೆಯೇ ಒಳಗಿನವರ ಹೆಸರು ಹೋಯಿತು.

ಹಾಗಾದರೆ ಮಾಡತಕ್ಕುದೇನು? ಮೊದಲನೆಯದಾಗಿ, ಪ್ರತಿಯೊಬ್ಬರಿಗೂ ಅವರವರ ಖಾತೆ ಇರತಕ್ಕದ್ದು. ದಾರಿಹೋಕರಿಗೆ ಬೇಕಾದರೆ ಬೇರೊಂದು ಅತಿಥಿ ಖಾತೆ ಸಾಕು. ಎರಡನೆಯದಾಗಿ, ಇಡೀ ಯಂತ್ರದ ಕೀಲಿಮಣೆ ಪಟ್ಟಿಯಲ್ಲಿ ಇಂಗ್ಲಿಷ್ ವಿನ್ಯಾಸವನ್ನು ಮೊದಲು, ಕನ್ನಡವನ್ನು ಎರಡನೆಯದಾಗಿ ಇಡತಕ್ಕದ್ದು. ಇದು ಕನ್ನಡಕ್ಕೆ ಅವಮಾನವೆಂದು ತಿಳಿಯಬಾರದು. ಗುಪ್ತಪದವನ್ನು ಯಾವ ಲಿಪಿಯಲ್ಲಿ ಗೊತ್ತುಮಾಡಿದ್ದೇವೋ ಆ ಲಿಪಿ ಬಾಗಿಲಲ್ಲಿ ಸಿದ್ಧವಿರಬೇಕೆಂಬುದಷ್ಟೇ ಇದರ ಅರ್ಥ. ಕನ್ನಡದ ಬರವಣಿಗೆಗೆ ಐಬಸ್ ಮುಂತಾದ ಸಾಧನಗಳನ್ನು ಬಳಕೆದಾರನ ಖಾತೆಯ ಒಳಗೆ ಇಟ್ಟರೆ ಬಾಗಿಲಿನಲ್ಲಿ ಗೊಂದಲ ಹುಟ್ಟುವುದಿಲ್ಲ. ಗ್ನೋಮ್‌ನ ಪ್ರವೇಶಪರದೆ ಗುಪ್ತಪದದ ವೇಳೆಯಲ್ಲಿ ಅಂತಹ ಸಾಧನಗಳನ್ನು ದೂರವಿಟ್ಟು ಸಾದಾ ಕೀಲಿಮಣೆ ವಿನ್ಯಾಸಗಳನ್ನು ಮಾತ್ರ ಒಪ್ಪುತ್ತದೆ. ನಮ್ಮ ಪ್ರಸಂಗದಲ್ಲಿ ಎಲ್ಲ ಅನರ್ಥಕ್ಕೂ ಮೂಲವಾದುದು ಈ ಕ್ರಮಾಂಕವೊಂದೇ: ಕನ್ನಡ ವಿನ್ಯಾಸವನ್ನು ಇಡೀ ಯಂತ್ರಕ್ಕೆ, ಅದೂ ಮೊದಲ ಸ್ಥಾನದಲ್ಲಿ, ಸೇರಿಸಲಾಗಿತ್ತು.

ಮೂರನೆಯದಾಗಿ, ಪೂರ್ಣ ಹೆಸರುಗಳನ್ನು ಕನ್ನಡದಲ್ಲಿ ಬರೆಯತಕ್ಕದ್ದು. ಕೊಠಡಿ ಚಿಕ್ಕದಾಗಿ, ಬೀಗದ ಒಳಗಿದ್ದರೆ ಪಟ್ಟಿಯನ್ನು ತೋರಿಸತಕ್ಕದ್ದು. ನಾಲ್ಕನೆಯದಾಗಿ, ಜಿಡಿಎಂನಲ್ಲಿ ಪ್ರವೇಶಪರದೆಯ ಮೇಲೆ ಒಂದು ಪ್ರಕಟಣೆಯನ್ನು ತೋರಿಸುವ ಅವಕಾಶವಿದೆ. ಗುಪ್ತಪದ ಇಂಗ್ಲಿಷ್ ಕೀಲಿಮಣೆಯಲ್ಲಿ, ತೊಂದರೆಯಾದರೆ ಇಂಥವರನ್ನು ಕೇಳಿರಿ ಎಂದು ಎರಡು ವಾಕ್ಯಗಳನ್ನು ಕನ್ನಡದಲ್ಲಿ ಅಲ್ಲಿ ಬರೆದರೆ ತಯಾರಕರು ಬಿಟ್ಟ ಎಚ್ಚರಿಕೆಯನ್ನು ನಾವೇ ತುಂಬಿದಂತಾಗುತ್ತದೆ. ಲೈಟ್‌ಡಿಎಂನ ಜಿಟಿಕೆ ಗ್ರೀಟರ್ ಬಳಸುವವರು ಭಾಷೆಯ ಆಯ್ಕೆಯನ್ನು ಬಾಗಿಲಿನಲ್ಲಿಯೇ ಇಡಬಹುದು. ಯಾವುದನ್ನೇ ಬದಲಿಸಿದರೂ ಮೊದಲು ಒಂದು ಯಂತ್ರದಲ್ಲಿ ಪರೀಕ್ಷಿಸಿ ಆಮೇಲೆ ಉಳಿದವಕ್ಕೆ ಅನ್ವಯಿಸುವುದು ವಿವೇಕ; ಬಾಗಿಲಿನ ಕಡತದಲ್ಲಿ ತಪ್ಪಾದರೆ ಚಿತ್ರಪರದೆಯೇ ಮೂಡದೆ, ಕಂಟ್ರೋಲ್, ಆಲ್ಟ್ ಕೀಲಿಗಳೊಡನೆ ಎಫ್ ೩ನ್ನು ಒತ್ತಿ ಪಠ್ಯಪರದೆಗೆ ಹೋಗಿ ಸರಿಪಡಿಸಬೇಕಾದೀತು.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಿತಿಯನ್ನು ಹೇಳಬೇಕು. ಬಾಗಿಲು ಪೂರ್ಣವಾಗಿ ಕನ್ನಡದಲ್ಲಿ ಮಾತನಾಡಬೇಕಾದರೆ ಇಡೀ ಯಂತ್ರದ ಭಾಷೆಯನ್ನು ಕನ್ನಡವೆಂದು ಗೊತ್ತುಪಡಿಸುವುದು ನೇರವಾದ ದಾರಿ. ಹಾಗೆ ಮಾಡಿದರೆ ಲಿನಕ್ಸ್‌ನ ಪಠ್ಯಪರದೆಗೂ ಕನ್ನಡದ ಸಂದೇಶಗಳೇ ಹೋಗುತ್ತವೆ. ನಮ್ಮ ಅಕ್ಷರಗಳನ್ನು ಜೋಡಿಸಿ ತೋರಿಸುವ ಶಕ್ತಿ ಆ ಪರದೆಗೆ ಇಲ್ಲದಿರುವುದರಿಂದ, ಯಂತ್ರ ಕೆಟ್ಟ ದಿನ ದುರಸ್ತಿಯವನ ಮುಂದೆ ಬರಿಯ ಚೌಕಗಳು ಬರಬಹುದು. ಆದುದರಿಂದ ಇಲಾಖೆಯಲ್ಲಿ ಯಂತ್ರವನ್ನು ಬಲ್ಲವರೊಬ್ಬರಿದ್ದರೆ ಮಾತ್ರ ಈ ಹೆಜ್ಜೆ ಇಡುವುದು ಉಚಿತ. ಇಲ್ಲದಿದ್ದರೆ ಕನ್ನಡದ ಹೆಸರು ಮತ್ತು ಕನ್ನಡದ ಪ್ರಕಟಣೆಗಳಿಂದ ತೃಪ್ತರಾಗಬಹುದು.

ಇದಕ್ಕೆ ಬರಬಹುದಾದ ಆಕ್ಷೇಪಣೆಯನ್ನೂ ಪರಿಗಣಿಸೋಣ. ಕಾಲೇಜಿಗೆ ಬಂದವನಿಗೆ ಇಂಗ್ಲಿಷಿನ ನಾಲ್ಕು ಮಾತು ತಿಳಿಯದೇ, ಇಷ್ಟಕ್ಕೆ ಇಷ್ಟು ಚರ್ಚೆ ಬೇಕೇ ಎಂದು ಕೇಳಬಹುದು. ತಿಳಿಯುತ್ತದೆ 정ುದಾಗಿ ಒಪ್ಪೋಣ. ನಮ್ಮ ವಿದ್ಯಾರ್ಥಿಗಳು ಸೋತುದು ಇಂಗ್ಲಿಷ್ ತಿಳಿಯದುದರಿಂದಲ್ಲ. ಎರಡು ಲಿಪಿಗಳಲ್ಲಿ ಕೆಲಸ ಮಾಡುವವರೆಂಬುದರಿಂದ. ಕನ್ನಡದಲ್ಲಿ ಬರೆಯುವ ಉದ್ದೇಶವೇ ಇಲ್ಲದಿದ್ದವನಿಗೆ ಆ ಬಾಗಿಲಿನಲ್ಲಿ ಯಾವ ತೊಂದರೆಯೂ ಇರಲಿಲ್ಲ. ಕನ್ನಡದ ಆಕರಗಳನ್ನು ಕನ್ನಡದಲ್ಲಿ ಬರೆದಿಡಲು ಹೊರಟವನಿಗೆ ಮಾತ್ರ ಅಡ್ಡಿಯೊದಗಿತು. ನಮ್ಮ ಶಾಸ್ತ್ರಕ್ಕೆ ಬೇಕಾದವನು ಇವನೇ ಅಲ್ಲವೇ?

೬

ಬೇಲೂರಿನ ಮದನಿಕೆಯರನ್ನು ನೋಡಿ ಬಂದವರಿಗೆ ಅವುಗಳ ಪೀಠದ ಮೇಲಿನ ಸಣ್ಣ ಬರಹಗಳು ನೆನಪಿರಬಹುದು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿದರು. ನಮ್ಮ ನಾಡಿನ ಬೇರೆ ಎಷ್ಟೋ ಗುಡಿಗಳಲ್ಲಿ ಶಿಲ್ಪಿ ಅನಾಮಧೇಯನಾಗಿಯೇ ಉಳಿದಿರುವಾಗ ಹೊಯ್ಸಳರ ಗುಡಿಗಳಲ್ಲಿ ತಂದೆಯ ಕೈ ಯಾವುದು, ಮಗನ ಕೈ ಯಾವುದು ಎಂದು ವಿವೇಚಿಸಲು ನಮಗೆ ಸಾಧ್ಯವಾಗಿದೆ. ಒಂದೇ ಕಟ್ಟಡದಲ್ಲಿ ಹಲವರು ದುಡಿದರೂ ಹಲವರು ಒಬ್ಬರಾಗಿ ಕರಗಿಹೋಗಲಿಲ್ಲ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲರೂ ಸಂತೋಷಪಟ್ಟೆವು. ಆ ಪರಂಪರೆಯಲ್ಲಿ ಹೆಸರು ಕೆತ್ತುವ ಈ ರೂಢಿಯೂ ಒಂದೆಂಬುದನ್ನು ಮರೆಯಬಾರದು.

ಇಂದಿನ ವಿದ್ಯಾರ್ಥಿಗೆ ಉಳಿಯಿಲ್ಲ, ಪೀಠವಿಲ್ಲ. ಅವನ ಹೆಸರು ಅವನ ಕೆಲಸಕ್ಕೆ ಅಂಟಿಕೊಳ್ಳುವುದು ಅವನು ಯಾವ ಖಾತೆಯಿಂದ ಒಳಹೊಕ್ಕನೆಂಬುದರಿಂದ. ಆ ಖಾತೆಯನ್ನು ಕೇಳುವುದು ಬಾಗಿಲು. ಆ ಕೊಠಡಿಯಲ್ಲಿ ಈಗ ಸ್ವಯಂಪ್ರವೇಶದ ಎರಡು ಸಾಲುಗಳನ್ನು ತೆಗೆದುಹಾಕಿದ್ದಾರೆ. ಕೀಲಿಮಣೆಗಳ ಕ್ರಮವನ್ನು ಬದಲಿಸಿದ್ದಾರೆ. ಪಟ್ಟಿಯಲ್ಲಿ ಹೆಸರುಗಳು ಕನ್ನಡದಲ್ಲಿ ಕಾಣುತ್ತವೆ. ತಿದ್ದುಪಡಿ ಮುಗಿಸಲು ಒಂದು ಮಧ್ಯಾಹ್ನ ಸಾಕಾಯಿತು. ತಿದ್ದಬೇಕೆಂದು ತಿಳಿಯಲು ಒಂದು ವರ್ಷ ಹಿಡಿಯಿತು. ಬೇರೆ ಇಲಾಖೆಗಳವರು ತಮ್ಮ ಯಂತ್ರಗಳನ್ನು ಒಮ್ಮೆ ಚಾಲೂ ಮಾಡಿ, ಬಾಗಿಲು ಯಾರ ಹೆಸರನ್ನು ಯಾವ ಲಿಪಿಯಲ್ಲಿ ಕೇಳುತ್ತಿದೆ, ಅಥವಾ ಕೇಳದೆಯೇ ಬಿಡುತ್ತಿದೆಯೇ ಎಂದು ನೋಡಿದರೆ ಈ ಲೇಖನದ ಶ್ರಮ ಸಾರ್ಥಕವಾಗುತ್ತದೆ.